‘ಇದು ನಿಮಗೆ ಬೇಡ’ ಅನ್ನುವ ಡಾಕ್ಟರು

ಕಳೆದ ತಿಂಗಳು ತಂಗಿ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಶಿವಮೊಗ್ಗದ ಆಸ್ಪತ್ರೆಯೊಂದು ಕೊಟ್ಟ, ಮಗುವಿಗಾಗಿ ಮಾಡಿಸೋ ಐವಿಎಫ್ ಚಿಕಿತ್ಸೆಯ ಎಸ್ಟಿಮೇಟು. ಇಂಜೆಕ್ಷನ್, ಸ್ಕ್ಯಾನಿಂಗ್, ಅನಸ್ತೇಶಿಯ, ಭ್ರೂಣ ಫ್ರೀಜ್ ಮಾಡಿಡೋದು, ಎಲ್ಲದರ ಕೆಳಗೆ ‘ಲೇಸರ್ ಹ್ಯಾಚಿಂಗ್’ ಅಂತ ಒಂದು ಸಾಲು. ಅದರ ಮುಂದಿದ್ದ ಮೊತ್ತ ಹತ್ತಿರ ಹತ್ತಿರ ಅರ್ಧ ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು. ಇದು ಯಾಕಂತೆ ಅಂತ ಕೇಳಿದೆ. ‘ಗೊತ್ತಿಲ್ಲ ಅಕ್ಕಾ, ಡಾಕ್ಟ್ರು ಬರೆದಿದಾರೆ’ ಅಂದಳು. ಕೇಳಬಾರದಿತ್ತಾ ಅಂದಿದ್ದಕ್ಕೆ, ‘ಇಂಗ್ಲೆಂಡಲ್ಲಿ ಕೂತ್ಕೊಂಡು ಹೇಳೋದು ಸುಲಭ ಬಿಡು.’

ಚುಚ್ಚಿತು. ನಾನೂ ಇದೇ ದಾರಿ ನಡೆದವಳು ಅನ್ನೋದು ಅವಳಿಗೆ ಗೊತ್ತು.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮಗೆ ಮೊದಲ ಸಲ ಗರ್ಭ ನಿಲ್ಲಲಿಲ್ಲ. ಆಗ ನಾನೇ ಬಾಯಿಬಿಟ್ಟು ಕೇಳಿದ್ದೆ, ಇನ್ನೇನಾದರೂ ಜಾಸ್ತಿ ಮಾಡೋಕಾಗುತ್ತಾ, ಖರ್ಚು ನಾವೇ ಕೊಡ್ತೀವಿ ಅಂತ. ಲೇಸರ್ ವಿಷಯ ಎಲ್ಲೋ ಓದಿದ್ದೆ. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. ಅದರಿಂದ ಮಗು ಆಗುವ ಸಾಧ್ಯತೆ ಹೆಚ್ಚುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ಇದು ನಿಮಗೆ ಬೇಡ, ದುಡ್ಡು ಉಳಿಸಿಕೊಳ್ಳಿ ಅಂದರು. ಆಸ್ಪತ್ರೆಯವರು ದುಡ್ಡು ಬೇಡ ಅಂದಿದ್ದನ್ನು ನಮ್ಮವರು ಹೊರಗೆ ಬಂದ ಮೇಲೂ ನಂಬಲಿಲ್ಲ. ‘ನಮ್ಮ ಮೇಲೆ ಆಸೆ ಬಿಟ್ಟಿರಬೇಕು ಕಣೆ’ ಅಂದರು. ತೀರ್ಥಹಳ್ಳಿ ಕಡೆಯವರು ನಾವು. ಡಾಕ್ಟರು ಏನೂ ಬರೆಯದೆ ಕಳಿಸಿದರೆ ಕಾಯಿಲೆ ಕೈಮೀರಿದೆ ಅಂತಲೇ ಲೆಕ್ಕ.

ಈ ಲೇಸರ್ ಮಾಡೋದು ಇಷ್ಟು. ಭ್ರೂಣದ ಸುತ್ತ ಝೋನಾ ಪೆಲ್ಲುಸಿಡಾ ಅನ್ನುವ ಒಂದು ಪದರ ಇರುತ್ತದೆ. ಐದಾರು ದಿನಕ್ಕೆ ಭ್ರೂಣ ಅದನ್ನು ಬಿಡಿಸಿಕೊಂಡು ಹೊರಗೆ ಬರಬೇಕು, ಬಂದರೇನೇ ಗರ್ಭಕೋಶದ ಒಳಗೋಡೆಗೆ ಅಂಟೋಕೆ ಸಾಧ್ಯ. ಕೆಲವು ಭ್ರೂಣಗಳಿಗೆ ಈ ಪದರ ದಪ್ಪ ಇರಬಹುದು, ಫ್ರೀಜ್ ಮಾಡಿ ತೆಗೆದಾಗ ಗಟ್ಟಿ ಆಗಿರಬಹುದು ಅನ್ನೋ ಲೆಕ್ಕದಲ್ಲಿ ಮೈಕ್ರೋಸ್ಕೋಪಿನಡಿ ಇಟ್ಟು ಲೇಸರ್‌ನಿಂದ ಅಲ್ಲೊಂದು ಸಣ್ಣ ಕಿಂಡಿ ಮಾಡುತ್ತಾರೆ, ಇಲ್ಲವೇ ತೆಳುಮಾಡುತ್ತಾರೆ. ಲೇಸರ್ ತಾಗೋದು ಸೆಕೆಂಡಿನ ಸಣ್ಣದೊಂದು ಪಾಲು ಹೊತ್ತು. 1990ರ ಸುಮಾರಿಗೆ ಭ್ರೂಣತಜ್ಞ ಜಾಕ್ ಕೋಹೆನ್ ಮತ್ತು ಜೊತೆಗಾರರು ಶುರುಮಾಡಿದಾಗ ಸಣ್ಣ ಗಾಜಿನ ಸೂಜಿ, ಆಸಿಡ್ ಹನಿ ಬಳಸುತ್ತಿದ್ದರು. ಲೇಸರ್ ಬಂದಿದ್ದು ಆಮೇಲೆ. ಇಷ್ಟನ್ನೂ ತಂಗಿಯ ಗಂಡನಿಗೆ ಫೋನಿನಲ್ಲಿ ಹೇಳಿದೆ. ‘ಓ, ಹಸಿ ಅಡಿಕೆಗೆ ಸುಲಿಯೋ ಕತ್ತಿ ತಾಗಿಸ್ದಂಗೆ’ ಅಂದ. ನನಗಿಂತ ಚೆನ್ನಾಗಿ ಹೇಳಿದ.

ಕೇಳೋಕೆ ಎಷ್ಟು ಸರಿ ಅನ್ಸುತ್ತೆ ಅಲ್ವಾ? ತೊಂದರೆ ಅಲ್ಲೇ ಇರೋದು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳನ್ನು ತೂಗಿ ನೋಡುವ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯಲ್ಲಿ ಇದನ್ನು ಮಾಡಬೇಡಿ ಅಂತಲೇ ಇದೆ, ಗರ್ಭ ನಿಲ್ಲುವ ಪ್ರಮಾಣ ಹೆಚ್ಚಿದ್ದು ಕಂಡಿಲ್ಲ ಅಂತ. ಇಲ್ಲಿ ಐವಿಎಫ್ ಕ್ಲಿನಿಕ್‌ಗಳ ಮೇಲೆ ಕಣ್ಣಿಡುವ ಎಚ್‌ಎಫ್‌ಇಎ ಇಂಥ ಮೇಲುಖರ್ಚಿನ ಬಾಬತ್ತುಗಳಿಗೆಲ್ಲ ಟ್ರಾಫಿಕ್ ಸಿಗ್ನಲ್ಲಿನ ಬಣ್ಣ ಹಚ್ಚಿದಾಗ ಇದಕ್ಕೆ ಸಿಕ್ಕಿದ್ದು ಕೆಂಪು. ಯಾರು ಬೇಕಾದರೂ ನೋಡಬಹುದಿತ್ತು. ನಾನು ನೋಡಿದ್ದೂ ಹಾಗೇ.

ಊರಲ್ಲಿ ಯಾಕೆ ಹೀಗಿಲ್ಲ ಅಂತ ಯೋಚಿಸಿದರೆ ನನಗೆ ಡಾಕ್ಟರಿಗಿಂತ ನಮ್ಮ ಗುಟ್ಟಿನ ಮೇಲೇ ಸಿಟ್ಟು ಬರುತ್ತದೆ. ತಂಗಿಯ ಗಂಡ ಎಲೆಚುಕ್ಕೆ ರೋಗಕ್ಕೆ ಹೊಸ ಔಷಧಿ ಹೊಡೆಯೋ ಮೊದಲು ಅಕ್ಕಪಕ್ಕದ ತೋಟದವರನ್ನೆಲ್ಲ ಕೇಳುತ್ತಾನೆ. ನಿಮಗೆ ಕಮ್ಮಿ ಆಯ್ತಾ, ಎಷ್ಟು ಖರ್ಚಾಯ್ತು, ಸುಮ್ನೆ ಹೊಡೆಸ್ತಿದಾರಾ? ಕೃಷಿ ಅಧಿಕಾರಿ ಬಂದರೆ ಅವರನ್ನೂ ಬಿಡುವುದಿಲ್ಲ. ಅದೇ ಮನುಷ್ಯ, ಮಂಡಿಯಲ್ಲಿ ಮುಂಗಡ ತಗೊಂಡು ಕಟ್ಟುವ ಈ ದುಡ್ಡಿಗೆ ಒಂದು ಪ್ರಶ್ನೆ ಕೇಳಲಿಲ್ಲ. ಕೇಳೋದಾದರೂ ಯಾರನ್ನ? ಐವಿಎಫ್ ಮಾಡಿಸಿದೆವು ಅಂತ ನಮ್ಮ ಕಡೆ ಯಾರು ಹೇಳಿಕೊಂಡಿದ್ದಾರೆ? ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋದರೆ ಗುರುತಿನವರು ಸಿಗುತ್ತಾರೆ ಅಂತ ಇವರು ಪ್ರತಿ ಸಲ ಕಾರು ಮಾಡಿಕೊಂಡು ಹೋಗುತ್ತಾರೆ. ಮನೆಯಲ್ಲಿ ಕೇಳಿದರೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಯಾರನ್ನೋ ನೋಡಿಕೊಂಡು ಬರೋಕೆ. ಭೂಮಿ ಹುಣ್ಣಿಮೆಗೆ ಬುಟ್ಟಿ ಹೊತ್ತು ಗದ್ದೆಗೆ ಇಳಿದರೆ ಸಾಕು, ಚಿಕ್ಕಮ್ಮಂದಿರ ಕಣ್ಣೆಲ್ಲ ಇವಳ ಹೊಟ್ಟೆ ಮೇಲೆ. ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಿದ್ದು ಮಾತ್ರ ಊರಿಗೆಲ್ಲ ಗೊತ್ತು. ಅದರ ಖರ್ಚಿನ ಬಗ್ಗೆ ಹತ್ತು ಜನ ಸಲಹೆ ಕೊಟ್ಟರು.

ಬಾಯಿ ಬಿಡದವರ ಹತ್ತಿರ ಯಾವ ಸಾಲನ್ನಾದರೂ ಬಿಲ್ಲಿಗೆ ಸೇರಿಸಬಹುದು. ಪಕ್ಕದ ಮನೆಯವರ ಬಿಲ್ಲಿನ ಜೊತೆ ಹೋಲಿಸಿ ನೋಡುವವರೇ ಇಲ್ಲವಲ್ಲ.

ಕಾನೂನು ಇಲ್ಲ ಅಂತಲೂ ಅಲ್ಲ. ಇಂಥ ಚಿಕಿತ್ಸೆಗಳಿಗೆಂದೇ ನಮ್ಮ ದೇಶದಲ್ಲಿ ಮಾಡಿದ 2021ರ ಎಆರ್‌ಟಿ ಕಾಯ್ದೆಯಲ್ಲಿ ಕ್ಲಿನಿಕ್‌ನವರು ದಂಪತಿಗೆ ಚಿಕಿತ್ಸೆಯ ಲಾಭ, ತೊಂದರೆ, ಖರ್ಚು, ಯಶಸ್ಸಿನ ಸಾಧ್ಯತೆ ಎಲ್ಲ ತಿಳಿಸಬೇಕು ಅಂತ ಇದೆ. ಅವಳಿ ಜವಳಿ ಆಗುವ ಅಪಾಯವನ್ನೂ ಹೇಳಬೇಕು. ತಂಗಿಗೆ ಇದನ್ನು ಕಳಿಸಿದೆ. ‘ಕಾಯ್ದೆ ಹಿಡ್ಕೊಂಡು ಹೋಗಿ ಜಗಳ ಆಡ್ಲಾ?’ ಅಂದಳು.

ಜಗಳ ಆಡಲಿಲ್ಲ. ಮುಂದಿನ ಸಲ ಹೋದಾಗ ಸುಮ್ಮನೆ ಕೇಳಿದಳು. ಡಾಕ್ಟರು ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಕುರ್ಚಿ ಎಳೆದುಕೊಂಡು ಚಿತ್ರ ಬರೆದು ಹೇಳಿದರಂತೆ. ನಿಮಗೆ 38 ದಾಟಿದೆ, ಹಾಕೋದು ಫ್ರೀಜ್ ಮಾಡಿದ ಭ್ರೂಣ, ಅದಕ್ಕೇ ಬರೆದಿದ್ದು, ಗ್ಯಾರಂಟಿ ಏನಿಲ್ಲ, ಬೇಡ ಅಂದರೆ ಬಿಟ್ಟುಬಿಡೋಣ ಅಂತ. ಇಷ್ಟು ಹೇಳೋಕೆ ಒಬ್ಬರು ಕೇಳಲಿ ಅಂತ ಯಾಕೆ ಕಾಯಬೇಕು ಅನ್ನೋ ನನ್ನ ತಕರಾರು ಹಾಗೇ ಇದೆ. ಆದರೆ ಅವರು ಹೇಳಿದ್ದು ಸುಳ್ಳಂತೂ ಅಲ್ಲ. ಅಮೆರಿಕದ ಸಂತಾನ ಚಿಕಿತ್ಸಾ ತಜ್ಞರ ಸಂಘ ಎಎಸ್‌ಆರ್‌ಎಂ ಕೂಡ 2022ರಲ್ಲಿ ಇಂಥವರ ವಿಷಯದಲ್ಲಿ, ಫ್ರೀಜ್ ಮಾಡಿದ ಭ್ರೂಣದ ವಿಷಯದಲ್ಲಿ, ಲಾಭ ಇದೆ ಅನ್ನೋಕೆ ಪುರಾವೆ ಸಾಲದು ಅಂತಷ್ಟೇ ಹೇಳಿತು. ಲಾಭ ಇಲ್ಲವೇ ಇಲ್ಲ ಅಂತ ಹೇಳಲಿಲ್ಲ.

ಇಂಗ್ಲೆಂಡನ್ನೂ ಜಾಸ್ತಿ ಹೊಗಳೋದು ಬೇಡ. ಇಲ್ಲಿನ ಖಾಸಗಿ ಕ್ಲಿನಿಕ್‌ಗಳೂ ಇದನ್ನೆಲ್ಲ ಮಾರುತ್ತವೆ, ಇಲ್ಲದಿದ್ದರೆ ಬಣ್ಣ ಹಚ್ಚುವ ಕೆಲಸವೇ ಇರುತ್ತಿರಲಿಲ್ಲ. 40ರೊಳಗಿನವರಿಗೆ ಮೂರು ಸಲ ಉಚಿತವಾಗಿ ಮಾಡಿ ಅಂತ ನೈಸ್ ಹೇಳಿದರೂ ಎಷ್ಟೋ ಕಡೆ ಒಂದೇ ಸಲ ಕೊಡುತ್ತಾರೆ. ನೀವು ಯಾವ ಬೀದಿಯಲ್ಲಿದ್ದೀರಿ ಅನ್ನೋದರ ಮೇಲೆ ನಿಮ್ಮ ಅದೃಷ್ಟ. ಮತ್ತೆ ಆ ‘ನಿಮಗೆ ಬೇಡ’ವನ್ನು ಕೇಳೋಕೆ ನಾನು ತಿಂಗಳುಗಟ್ಟಲೆ ಕಾದಿದ್ದೆ. ಭ್ರೂಣ ಹಾಕಿಸಿಕೊಂಡು ಬಂದ ದಿನ ನಾನೇ ಎದ್ದು ಅನ್ನಕ್ಕಿಟ್ಟೆ. ತಂಗಿಗೆ ಅಮ್ಮ ಹೋಗಿ ಕೂತಿರುತ್ತಾಳೆ, ನೀರಿನ ಲೋಟ ಎತ್ತೋಕೂ ಬಿಡುವುದಿಲ್ಲ.

ತಂಗಿ ಲೇಸರ್ ಮಾಡಿಸುತ್ತಾಳಂತೆ. ‘ಆಮೇಲೆ ಮಾಡಿಸಬೇಕಿತ್ತು ಅಂತ ಅನ್ನಿಸಬಾರದು ಅಕ್ಕಾ.’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಿದ್ದರೆ ಒಂದೇ ಭ್ರೂಣ ಹಾಕಿಸಿಕೋ ಅಂದೆ. ಈ ಹ್ಯಾಚಿಂಗ್‌ನಿಂದ ಅವಳಿ ಆಗುವ ಸಂಭವ ಹೆಚ್ಚಬಹುದು ಅಂತ ಓದಿದ್ದೇನೆ, ಎರಡು ಹಾಕಿಸಿಕೊಂಡರಂತೂ ಕೇಳೋದೇ ಬೇಡ. ಇಲ್ಲಿ ಒಂದೇ ಹಾಕಿ ಅಂತ ಹಟ ಹಿಡಿದು 2019ರ ಹೊತ್ತಿಗೆ ಐವಿಎಫ್‌ನ ಅವಳಿ ಹೆರಿಗೆಯನ್ನು ನೂರಕ್ಕೆ 6ರ ಆಸುಪಾಸಿಗೆ ಇಳಿಸಿದ್ದಾರೆ. ಅವಳು ಹೂಂ ಅಂದಳು. ಹಿಂದಿನಿಂದ ಅಮ್ಮನ ದನಿ ಕೇಳಿತು, ‘ಎರಡೇ ಹಾಕ್ಲಿ ಬಿಡು, ಖರ್ಚು ಒಂದೇ ಅಲ್ವಾ?’