ಕವನ ಆಮೇಲೆ, ಮೊದ್ಲು ಮನೆದೇವ್ರು ಹೇಳಿ

ಹೋದ ತಿಂಗಳು ಪುಣೆಯಲ್ಲಿ ಒಂದು ಮರಾಠಿ ಕವಿಗೋಷ್ಠಿಗೆ ಹೋಗಿದ್ದೆ. ಮಧ್ಯದಲ್ಲಿ ಚಹಾ ಕುಡೀತಾ ನಿಂತಿದ್ದಾಗ ವಯಸ್ಸಾದ ಕವಿಯೊಬ್ರು ನನ್ನ ಹೆಸರು ಕೇಳಿದ್ರು, ಎರಡು ಇನಿಷಿಯಲ್ ಬಿಟ್ರೆ ಹಿಂದೆ ಮುಂದೆ ಏನೂ ಇಲ್ಲ ಅಂತ ಗೊತ್ತಾದ್ಮೇಲೆ ನೇರವಾಗಿ "ನೀವು ಅಖಿಲ ಭಾರತೀಯ ಸಮ್ಮೇಳನದ ಕಡೆಯವರೋ, ವಿದ್ರೋಹಿ ಕಡೆಯವರೋ?" ಅಂದ್ಬಿಟ್ರು. ಮೊದಲನೇದು ಮರಾಠಿಯ ಮುಖ್ಯ ಸಾಹಿತ್ಯ ಸಮ್ಮೇಳನ, ಎರಡನೇದು ಅದಕ್ಕೆ ಎದುರಾಗಿ ನಡೆಯೋ ಬಂಡಾಯದ ಸಮ್ಮೇಳನ. ಮೊದ್ಲು ಗಾಬರಿ ಆಯ್ತು, ಆಮೇಲೆ ಯಾಕೋ ಖುಷಿನೇ ಆಯ್ತು.

ನಮ್ಮಲ್ಲಿ ಹೀಗೆ ಯಾರು ಕೇಳ್ತಾರೆ ಹೇಳಿ? ಯಾವೂರು, ಯಾವ ಬೀದಿ, ಮನೆದೇವ್ರು ಯಾವ್ದು, ಹೀಗೇ ಸುತ್ತಿ ಬಳಸಿ ಬರ್ತಾರೆ, ಉತ್ತರ ಸಿಕ್ಕಿದ್ ತಕ್ಷಣ ಒಂದೋ "ಓ ನಮ್ಮೋರೇ", ಇಲ್ಲಾಂದ್ರೆ ಮಾತು ಮಳೆ ಬೆಳೆ ಕಡೆ ತಿರುಗತ್ತೆ. ಬೆಂಗಳೂರಲ್ಲಿ ಹಿರಿಯರೊಬ್ರಿಗೆ ನನ್ನ ಸಂಕಲನ ಕೊಟ್ಟಿದ್ದೆ. ಮುಂದಿನ ಸಲ ಸಿಕ್ಕಾಗ ಒಂದು ಕವನದ ಬಗ್ಗೆನೂ ಮಾತಿಲ್ಲ, ಬೆನ್ನುಡಿ ಬರೆದವರು ನಿಮಗೆ ಸಂಬಂಧಾನಾ ಅಂದ್ರು ಅಷ್ಟೇ!

ಮಹಾರಾಷ್ಟ್ರದಲ್ಲಿ ಸಾಹಿತ್ಯದೊಳಗಿನ ಈ ಜಾತಿ-ಧರ್ಮದ ಜಗಳ ಹಳೇದು, ಬಹಿರಂಗವಾದದ್ದು. ಜ್ಯೋತಿಬಾ ಫುಲೆ 1885ರಲ್ಲೇ ರಾನಡೆಯವರ ಗ್ರಂಥಕಾರರ ಸಭೆಗೆ ನಾನು ಬರಲ್ಲ ಅಂತ ಕಾಗದ ಬರೆದ್ರು, ನಮ್ಮ ಜನರ ಕಷ್ಟ ನಿಮ್ಮ ಪುಸ್ತಕಗಳಲ್ಲಿಲ್ಲ ಅನ್ನೋ ಅರ್ಥದಲ್ಲಿ. 1972ರಲ್ಲಿ ಕವಿ ನಾಮದೇವ ಢಸಾಳ ಮತ್ತು ಗೆಳೆಯರು ದಲಿತ ಪ್ಯಾಂಥರ್ ಅನ್ನೋ ಹೋರಾಟದ ಸಂಘಟನೆ ಕಟ್ಟಿದ್ರು. 1990ರಲ್ಲಿ ಸೊಲ್ಲಾಪುರದಲ್ಲಿ ಮುಸ್ಲಿಂ ಮರಾಠಿ ಸಮ್ಮೇಳನ, 1999ರಲ್ಲಿ ಧಾರಾವಿಯಲ್ಲಿ ವಿದ್ರೋಹಿ. ಬೋರ್ಡ್ ಹಾಕ್ಕೊಂಡೇ ಕೂರ್ತಾರೆ. ಅಡ್ಡಹೆಸರಲ್ಲೇ ಎಲ್ಲಾ ಗೊತ್ತಾಗೋ ಜನಕ್ಕೆ ಮುಚ್ಚಿಡೋಕೆ ಏನಿದೆ ಅಂತೀರಾ, ಅದೂ ಇರಬಹುದು.

ನಮ್ಮದು ಒಂದೇ ಸಾಹಿತ್ಯ ಪರಿಷತ್ತು, ಒಂದೇ ಪೆಂಡಾಲು, ಆಹ್ವಾನಿತರ ಪಟ್ಟಿ ಬಂದ್ಮೇಲೆ ರಂಪ, ರಂಪ ಆದ್ಮೇಲೆ ತೇಪೆ. 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದ್ರೆ ಕೊಡ್ಲಿಲ್ಲ, ಬಂಡಾಯದವರು ಬೆಂಗಳೂರಲ್ಲಿ ತಮ್ಮದೇ ಸಮ್ಮೇಳನ ಮಾಡಿದ್ರು. 2023ರಲ್ಲಿ ಹಾವೇರಿ ಸಮ್ಮೇಳನ, ಮುಸ್ಲಿಂ ಲೇಖಕರನ್ನ ಬಿಟ್ಟಿದ್ದೀರಿ ಅಂತ ಕೂಗೆದ್ದು ಬೆಂಗಳೂರಲ್ಲಿ ಮತ್ತೆ ಪರ್ಯಾಯ ಜನಸಾಹಿತ್ಯ ಸಮ್ಮೇಳನ. ನಲವತ್ತು ವರ್ಷ ಆದ್ರೂ ಅದೇ ಸೀನು. ಇದಕ್ಕಿಂತ ಪುಣೆಯವರ ನೇರ ಪ್ರಶ್ನೆನೇ ವಾಸಿ ಅನ್ಸತ್ತೆ ನಂಗೆ.

ಆದ್ರೆ ಒಪ್ಪೋಕೆ ಮನಸ್ಸಿಲ್ದಿದ್ರೂ ಇದೊಂದು ಹೇಳ್ಬೇಕು. ಆಫೀಸಲ್ಲಿ ನನ್ನ ಮರಾಠಿ ಗೆಳೆಯ, ಸಿಕ್ಕಾಪಟ್ಟೆ ಓದೋನು, ಮುಸ್ಲಿಂ ಮರಾಠಿ ಲೇಖಕರಲ್ಲಿ ಯಾರನ್ನ ಓದಿದೀಯಾ ಅಂದ್ರೆ ಒಂದು ಹೆಸರೂ ಬಾಯಿಗೆ ಬರ್ಲಿಲ್ಲ, "ಅವರದು ಬೇರೆ ಸಮ್ಮೇಳನ ಅಲ್ವಾ" ಅಂದ. ನಾವೋ, ಮನೆಮಾತು ಮರಾಠಿಯಾದ ಬೇಂದ್ರೆ, ತಮಿಳಿನ ಮಾಸ್ತಿ, ಉರ್ದುವಿನ ನಿಸಾರ್ ಅಹಮದ್ ಎಲ್ರನ್ನೂ ಒಂದೇ ಪಠ್ಯದಲ್ಲಿ ಓದ್ಕೊಂಡು ಬಂದೋರು. ಬಂಡಾಯದ ಸಿದ್ಧಲಿಂಗಯ್ಯನವರು 2015ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ಪರಿಷತ್ತಿನ ಸಮ್ಮೇಳನಾಧ್ಯಕ್ಷರಾದ್ರು, ತಡವಾಗಿ ಆದ್ರೂ.

ಹಾಸನದ ಹಳ್ಳಿಯ ನಮ್ಮಮ್ಮ, ಯಾವ ಸಾಹಿತ್ಯ ವಲಯಾನೂ ಕಂಡೋರಲ್ಲ, ಲಂಕೇಶ್ ಪತ್ರಿಕೆಯಲ್ಲಿ ಸಾರಾ ಅಬೂಬಕ್ಕರ್ ಅವರ ಧಾರಾವಾಹಿ ಬರ್ತಿದ್ದಾಗ ನಾದಿರಾ ಕಥೆ ಏನಾಯ್ತೋ ಅಂತ ಮುಂದಿನ ವಾರಕ್ಕೆ ಕಾಯ್ತಿದ್ರಂತೆ. ಅಂಥ ಓದುಗರು ಪುಣೆಯಲ್ಲಿ ಇಲ್ಲ ಅಂತಲ್ಲ, ನಂಗಿನ್ನೂ ಸಿಕ್ಕಿಲ್ಲ.