ಸ್ಪಷ್ಟನೆ: ಸ್ವೀಡಿಷ್‌ನಲ್ಲಿ ‘ಎರಡನೇ ಅತಿ ದೊಡ್ಡ’ ಅನ್ನೋದು ಹಾಗಲ್ಲ

ಇಂಗ್ಲಿಷಿನ ‘ಸೆಕೆಂಡ್ ಲಾರ್ಜೆಸ್ಟ್’ ಅನ್ನು ಸ್ವೀಡಿಷ್‌ಗೆ ತರುವಾಗ ‘ಸೆಕೆಂಡ್’ ಇದ್ದ ಕಡೆ ‘ಅಂದ್ರಾ’ ಹಾಕಿದರೆ ಸಾಕು ಎಂಬ ಸಲಹೆ ಹರಿದಾಡುತ್ತಿದೆ. ಅದು ಸರಿಯಲ್ಲ.

‘ಅಂದ್ರಾ’ ಎಂದರೆ ಎರಡನೆಯದು, ನಿಜ. ಆದರೆ ‘ಇತರ’ ಅನ್ನೋದಕ್ಕೂ ಅದೇ ಪದ. ಇಲ್ಲಿ ಬೇಕಾಗಿರುವುದು ‘ನೆಸ್ತ್’. ಮೊದಲನೆಯದರ ಬೆನ್ನಿಗೇ ಬರುವುದು ಎಂಬ ಭಾವ ಅದರಲ್ಲಿದೆ. ಸ್ಟಾಕ್‌ಹೋಮ್ ಬಿಟ್ಟರೆ ಸ್ವೀಡನ್ನಿನ ದೊಡ್ಡ ಊರು ಗೋಥೆನ್‌ಬರ್ಗ್. ಅದನ್ನು ಅಲ್ಲಿನವರು ‘ನೆಸ್ತ್ ಸ್ತೋರ್ಸ್ತಾ’ ನಗರ ಎನ್ನುತ್ತಾರೆ (‘ಸ್ತೋರ್ಸ್ತಾ’ ಅಂದರೆ ಅತಿ ದೊಡ್ಡ). ಎಷ್ಟು ಚಂದದ ಮಾತು ಅಲ್ವಾ, ಅಂಕಿಯೇ ಇಲ್ಲದೆ ಸ್ಥಾನ ಗೊತ್ತಾಗುತ್ತದೆ!

ಎಡವಟ್ಟಾಗುವುದು ಮುಂದಿನ ಸ್ಥಾನದಿಂದಾಗಿ. ಮಾಲ್ಮೋ ಮೂರನೆಯದು, ಅದು ‘ತ್ರೇದ್ಯೆ ಸ್ತೋರ್ಸ್ತಾ’. ‘ತ್ರೇದ್ಯೆ’ ಅಂದರೆ ಮೂರನೇ. ಮೂರರಿಂದಾಚೆ ಪದಕ್ಕೆ ಪದ ಸರಿಹೋಗುತ್ತದೆ. ಅದನ್ನು ನೋಡಿಯೇ ಎರಡಕ್ಕೂ ಹಾಗೇ ಅಂದುಕೊಳ್ಳುತ್ತಾರೆ ಅನ್ನಿಸುತ್ತದೆ.

ಎರಡನೇ ಅತ್ಯುತ್ತಮಕ್ಕೂ ‘ನೆಸ್ತ್’ ಬೇಕು. ‘ನೆಸ್ತ್ ಸಿಸ್ತಾ’ ಎಂದರೆ ಕೊನೆಯದಕ್ಕಿಂತ ಒಂದು ಹಿಂದಿನದು. ‘ನೆಸ್ತಾ’ ಎಂದು ಎಳೆದರೆ ಮಾತ್ರ ಅರ್ಥ ಬದಲು: ಅದು ಸುಮ್ನೆ ‘ಮುಂದಿನ’.