ಮೊಂತಿ ಹಬ್ಬದ ಹೂ ಸ್ಕೂಟರ್ ಡಿಕ್ಕಿಯಲ್ಲಿ ಅರಳುವುದಿಲ್ಲ

ಇವತ್ತು ನಮ್ಮ ಕರಾವಳಿ ಕ್ಯಾಥೊಲಿಕರ ಮೊಂತಿ ಹಬ್ಬ. ಬೆಳಿಗ್ಗೆ ಇಗರ್ಜಿಯಿಂದ (ಚರ್ಚಿನಿಂದ) ಬಂದ ಕೂಡಲೇ ಬರೆಯಬೇಕೆಂದಿದ್ದೆ. ಏಳು ಬಗೆ ತರಕಾರಿ ಹೆಚ್ಚುವುದು ಯಾರು? ಹಾಗಾಗಿ ಸಿಟ್ಟು ಸಂಜೆವರೆಗೂ ಹಾಗೇ ಉಳಿದಿದೆ. ಎರಡು ಲೋಟ ವೊರ್ನ್ (ನಮ್ಮ ಪಾಯಸ) ಕುಡಿದರೂ ಸಿಹಿಯಾಗಲಿಲ್ಲ.

ನಡೆದದ್ದು ಇಷ್ಟೇ. ಮಕ್ಕಳೆಲ್ಲ ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ನನ್ನ ಪಕ್ಕದಲ್ಲೇ ಒಂದು ಸ್ಕೂಟರ್ ಬಂದು ನಿಂತಿತು. ತಾಯಿ ಡಿಕ್ಕಿ ತೆಗೆದು ಪ್ಲಾಸ್ಟಿಕ್ ತೊಟ್ಟೆಯಿಂದ ಹಳದಿ ಸೇವಂತಿಗೆ ಮಾಲೆ ಎಳೆದಳು, ನೂಲು ಹರಿದಳು, ಬುಟ್ಟಿಗೆ ಸುರಿದಳು. ಮಗ ಕೇಳಿದ, "ಮಮ್ಮಿ, ಇದೆಂತ ಹೂ?" ಅವಳು, "ಹೂ ಮಾರಾಯ, ಬಿಸಾಡ್ಲಿಕ್ಕೆ. ಓಡು ಬೇಗ."

ಬಿಸಾಡ್ಲಿಕ್ಕೆ!

ಪ್ರತಿವರ್ಷ "ಇವತ್ತು ನಿಮ್ಮ ತೆನೆ ಹಬ್ಬವಾ?" ಎಂದು ಕೇಳುವ ಗೆಳೆಯರಿಗೆ ಮತ್ತೊಮ್ಮೆ: ಹೌದು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನ ಹುಟ್ಟಿದ ದಿನ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ದಿನವೂ ಮಕ್ಕಳು ಹೂ ತಂದು, ಪದ ಹೇಳುತ್ತಾ ಬಾಲೆ ಮರಿಯಮ್ಮನ ಮೂರ್ತಿಗೆ ಎರಚುವುದು. ಹಬ್ಬದ ದಿನ ಹೊಸ ಭತ್ತದ ತೆನೆಯ ಆಶೀರ್ವಾದ, ಮೆರವಣಿಗೆ, ಮನೆಗೊಂದಿಷ್ಟು ತೆನೆ. ಹೂ ತಂದ ಮಕ್ಕಳಿಗೆ ಕಬ್ಬು. ಮನೆಯಲ್ಲಿ ಹೊಸ ಕಾಳು ಸುಲಿದು, ಜಜ್ಜಿ, ಹಾಲಿಗೆ ಹಾಕಿ ಎಲ್ಲರಿಗೂ ಹಂಚುವುದು. ಆಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರಿ ಊಟ. ತರಕಾರಿ ಬೆಸ ಸಂಖ್ಯೆಯಲ್ಲೇ ಇರಬೇಕು. ಮೀನಿಲ್ಲದೆ ಅನ್ನ ಇಳಿಯದ ನನ್ನ ಗಂಡ ಇವತ್ತು ಅಂಬಟೆ ಹಾಕಿದ ಕೆಸುವಿನ ದಂಟನ್ನು ಮೂರು ಸಲ ಹಾಕಿಸಿಕೊಂಡರು ಎಂದರೆ ಹಬ್ಬದ ಪವಾಡ ನೀವೇ ಊಹಿಸಿ.

ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಇದನ್ನು ಶುರು ಮಾಡಿದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಪೋರ್ಚುಗೀಸಿನಲ್ಲಿ ಮೊಂತೆ ಅಂದರೆ ಗುಡ್ಡ. ಹಬ್ಬದ ಹೆಸರಲ್ಲೇ ಗುಡ್ಡ ಉಂಟು ಮಾರಾಯ್ರೆ! ಮಕ್ಕಳು ಗುಡ್ಡ ಹತ್ತಲಿ, ಬೇಲಿ ಸುತ್ತಲಿ, ಕೈಗೆ ಮುಳ್ಳು ತಾಗಲಿ ಎಂದೇ ಇಂಥ ಹಬ್ಬ. ನಾವು ಅದನ್ನು ಹೂವಿನಂಗಡಿಯ ಬಿಲ್ಲಿಗೆ ತಂದು ನಿಲ್ಲಿಸಿದ್ದೇವೆ. ಘಟ್ಟದ ಮೇಲಿಂದ ಲಾರಿಯಲ್ಲಿ ಬಂದ ಸೇವಂತಿಗೆ, ಅಂಗಡಿಯಿಂದ ತೊಟ್ಟೆಗೆ, ತೊಟ್ಟೆಯಿಂದ ಬುಟ್ಟಿಗೆ, ಬುಟ್ಟಿಯಿಂದ ಮರಿಯಮ್ಮನ ಕಾಲಿಗೆ. ಮಗುವಿನ ಕೈಯಲ್ಲಿ ಇದ್ದದ್ದು ಎಷ್ಟು ಹೊತ್ತು? ನಾಲ್ಕು ನಿಮಿಷ.

ಹೋದ ಶನಿವಾರ ನಾವು ಮೂವರೂ ಕಾರ್ಕಳದ ಕಡೆಯ ನಮ್ಮ ಹಳೆಮನೆಗೆ ಹೋಗಿದ್ದೆವು. ಮೂರು ದಿನ ಸುರಿದ ಮಳೆ ಅವತ್ತು ಸ್ವಲ್ಪ ಬಿಡುವು ಕೊಟ್ಟಿತ್ತು. ತುಳುವರ ಸೋಣ ತಿಂಗಳ ಆ ಬಿಸಿಲು ನಿಮಗೆ ಗೊತ್ತಲ್ಲ, ತೊಳೆದು ಒರೆಸಿಟ್ಟ ಹಾಗೆ. ಏಳು ವರ್ಷದ ಮಗಳಿಗೆ ವ್ಹಡ್ಲಿಮಾಂಯ್ (ಅಜ್ಜಿ) ಕಾಲದ ಬೆತ್ತದ ಬುಟ್ಟಿ ಕೊಟ್ಟೆ. ಬೇಲಿಯಲ್ಲಿ ಶಂಖಪುಷ್ಪ, ಬಾವಿಕಟ್ಟೆ ಹತ್ತಿರ ಕರ್ಣಕುಂಡಲ, ದರೆಯ ಮೇಲೆ ಕೇಪುಳ. ಅವಳು ಹಟ ಹಿಡಿದದ್ದು ಮಾತ್ರ ತುಂಬೆ ಹೂವಿಗೆ. ಅಕ್ಕಿಕಾಳಿನಷ್ಟು ಬಿಳಿ ಹೂ, ಹಿಡಿದರೆ ಬೆರಳಿಗೇ ಅಂಟುತ್ತದೆ. ಅರ್ಧ ಗಂಟೆ ಕೂತು, ಇರುವೆ ಕಚ್ಚಿಸಿಕೊಂಡು, 23 ಹೂ. ಎಣಿಸಿದವಳು ಅವಳೇ. "ಇಷ್ಟು ಕಷ್ಟಕ್ಕೆ ಇಷ್ಟೇಯಾ?" ಎಂದು ಬುಟ್ಟಿ ಅಲ್ಲಾಡಿಸಿದಳು. ತಳ ಸಹ ಮುಚ್ಚಿರಲಿಲ್ಲ.

ಅವಳು ಹೂವನ್ನು ಮೂಗಿಗೆ ಹಿಡಿಯಲು ಹೋದಾಗ ನನ್ನ ಬಾಯಿಂದ ನನ್ನಮ್ಮನ ಮಾತೇ ಬಂತು, "ಮೂಸಬಾರದು, ಮೊದಲು ಅವಳಿಗೆ." ಕೆಳಗಿನ ಮನೆಯ ಅಕ್ಕ ಚೌತಿಗೆ ಹೂ ಕೊಯ್ಯುವಾಗ ಮಕ್ಕಳಿಗೆ ಹೇಳುವುದೂ ಇದೇ. ನಾವು ಕಲಿತದ್ದು ಯಾರಿಂದ ಎಂದು ಜಗಳಕ್ಕೆ ಬರುವವರು ದಯವಿಟ್ಟು ಬೇರೆ ಗೋಡೆ ಹುಡುಕಿಕೊಳ್ಳಿ.

ಆಮೇಲೆ ಆ ಅಕ್ಕನವರದೇ ಗದ್ದೆಯ ಹುಣಿಯಲ್ಲಿ (ಬದುವಿನ ಮೇಲೆ) ನಡೆದೆವು. ನನ್ನ ಗಂಡ ಅಪ್ಪಟ ಪೇಟೆಯವರು, ಬಿಳಿ ಶೂ ಹಾಕಿ ಬಂದಿದ್ದರು. ಶೂ ಈಗ ಬಿಳಿ ಇಲ್ಲ. ಮಳೆಗಾಲದ ಏಣೆಲು ಬೆಳೆ ಆಗಷ್ಟೇ ತೆನೆ ಬಿಟ್ಟಿತ್ತು. ಹಬ್ಬಕ್ಕೆ ಮೊದಲು ಹೊಸ ತೆನೆ ಮುಟ್ಟಬಾರದು, ಗೊತ್ತು. ಆದರೂ ಒಂದೇ ಒಂದು ಕಾಳು ಕಿತ್ತು ಮಗಳ ಬೆರಳ ನಡುವೆ ಇಟ್ಟು ಒತ್ತಲು ಹೇಳಿದೆ. ಬಿಳಿ ಹಾಲು ಬಂತು. ಅವಳು ಗಾಬರಿಯಾದಳು. "ಅಯ್ಯೋ, ಇದಿನ್ನೂ ಅಕ್ಕಿ ಆಗ್ಲೇ ಇಲ್ಲ" ಎಂದು ಆ ಸಿಪ್ಪೆಯನ್ನು ವಾಪಸ್ ತೆನೆಗೆ ಸಿಕ್ಕಿಸಲು ನೋಡಿದಳು. ನಿಲ್ಲಲಿಲ್ಲ. ಮತ್ತೆ ಸಿಕ್ಕಿಸಿದಳು.

ಒಂದು ಮಾತು ಹೇಳಿಬಿಡುತ್ತೇನೆ, ನಮ್ಮ ಇಗರ್ಜಿಯ ಮಾಮಿಯರು ಓದದಿದ್ದರೆ ಒಳ್ಳೆಯದು. ರಾತ್ರಿ ತೇರ್ಸ್ (ಜಪಮಾಲೆ) ಹೇಳುವಾಗ ನನ್ನ ಬಾಯಿ ಜಪದಲ್ಲಿ, ಮನಸ್ಸು ನಾಳೆಯ ಟಿಫಿನ್ ಡಬ್ಬಿಯಲ್ಲಿ. ವರ್ಷಗಳಿಂದ ಹೀಗೆಯೇ. ಅಮ್ಮ ಹೋದ ಮೇಲಂತೂ ಪ್ರಾರ್ಥನೆ ಎಂದರೆ ಬರೀ ಅಭ್ಯಾಸ. ಆ ಹುಣಿಯ ಮೇಲೆ, ಹಾಲು ಕಾಳನ್ನು ವಾಪಸ್ ಅಂಟಿಸುತ್ತಿದ್ದ ಹುಡುಗಿಯನ್ನು ನೋಡುತ್ತಾ ನಿಂತಾಗ, ಯಾರೂ ಹೇಳಿಸದೆ 'ನಮೋ ಮರಿಯಾ' ಜಪ ಬಂತು. ಪೂರ್ತಿ. ಗೋಧಿ ಕಾಳು ನೆಲಕ್ಕೆ ಬಿದ್ದು ಸಾಯದಿದ್ದರೆ ಒಂಟಿಯಾಗಿಯೇ ಉಳಿಯುತ್ತದೆ ಎಂಬ ಯೇಸುಸ್ವಾಮಿಯ ಮಾತನ್ನು ನೂರು ಸಲ ಕೇಳಿದ್ದೇನೆ, ಹೆಚ್ಚಾಗಿ ಮರಣದ ಪೂಜೆಗಳಲ್ಲಿ. ಗದ್ದೆಯಲ್ಲಿ ನಿಂತು ಕೇಳಿದ್ದು ಇದೇ ಮೊದಲು.

ಈಗ ಬರುತ್ತೀರಿ ನೀವು, ನನಗೆ ಗೊತ್ತು. "ಫ್ಲ್ಯಾಟಿನಲ್ಲಿರುವವರು ಎಲ್ಲಿಂದ ಕೊಯ್ಯುವುದು? ಮಳೆ, ಹಾವು, ಟ್ಯೂಶನ್..." ನಾನೂ ಫ್ಲ್ಯಾಟಿನಲ್ಲೇ ಇರುವುದು, ಆರನೇ ಮಾಳಿಗೆ. ನಮ್ಮ ಗೇಟಿನ ಎದುರಿನ ಖಾಲಿ ಸೈಟಿನಲ್ಲಿ ಲಂಟಾನ ತುಂಬಿ ಚೆಲ್ಲುತ್ತಿದೆ. ಬಸ್‌ಸ್ಟಾಪಿನ ಹಿಂದೆ ದಾಸವಾಳ. ಬುಟ್ಟಿ ತುಂಬಲೇಬೇಕು ಎಂದು ಯಾರು ಹೇಳಿದ್ದು? ಇಗರ್ಜಿಯಲ್ಲಿ ತಕ್ಕಡಿ ಇಟ್ಟಿದ್ದಾರಾ? ಐದು ಹೂ ಸಾಕು, ಮಗುವೇ ಕೊಯ್ದಿರಬೇಕು ಅಷ್ಟೆ. ಅಡವಿಯ ಹೂಗಳನ್ನು ನೋಡಿರಿ ಎಂದು ಯೇಸುಸ್ವಾಮಿ ಹೇಳಿದ್ದು ಬೆಟ್ಟದ ಮೇಲೆ ಕೂತು, ಹೂವಿನ ಮಾರ್ಕೆಟಿನಲ್ಲಿ ಅಲ್ಲ. ಹಾವಿನ ವಿಷಯಕ್ಕೆ ಬಂದರೆ, ಒಂಬತ್ತು ದಿನದಲ್ಲಿ ನಾನು ಕಂಡದ್ದು ಒಂದು ಕೇರೆ. ಅದು ನನ್ನನ್ನು ನೋಡಿ ಓಡಿತು. ಮೈಮೇಲೆ ಬಂದದ್ದು ಫ್ಯಾಮಿಲಿ ಗ್ರೂಪಿನ ಮಾಮಿಯರೇ.

ಇಷ್ಟೆಲ್ಲ ಹಾರಾಡಿದ ಮೇಲೆ ಪಾಪನಿವೇದನೆಯನ್ನೂ ಇಲ್ಲೇ ಮಾಡುತ್ತೇನೆ. ಕಳೆದ ವರ್ಷ ಒಂಬತ್ತರಲ್ಲಿ ಆರು ದಿನ ನಾನೂ ಅಂಗಡಿಯಿಂದಲೇ ತಂದೆ. ಒಂದು ದಿನ ಅದಕ್ಕೂ ಪುರುಸೊತ್ತಿಲ್ಲದೆ, ಆಫೀಸಿನ ಬೀಳ್ಕೊಡುಗೆಯಲ್ಲಿ ಸಿಕ್ಕಿದ ಬೊಕೆ ಬಿಚ್ಚಿ ಮಗಳ ಬುಟ್ಟಿಗೆ ಹಾಕಿದ್ದೆ. ಜರಿ ಕಾಗದದ ಒಂದು ಚೂರು ಮರಿಯಮ್ಮನ ತಲೆ ಮೇಲೆ ಹೊಳೆಯುತ್ತಾ ಕೂತಿತ್ತು. ಮಗಳು ಅದನ್ನು ಇನ್ನೂ ಮರೆತಿಲ್ಲ. ಸ್ಕೂಟರಿನ ತಾಯಿಯ ಮೇಲೆ ನನಗೆ ಇಷ್ಟೊಂದು ಸಿಟ್ಟು ಯಾಕೆಂದು ಈಗ ನಿಮಗೂ ಗೊತ್ತಾಯಿತಲ್ಲ.

ಇವತ್ತಿನ ಪ್ರಸಂಗದಲ್ಲಿ ಪಾದ್ರಿಗಳು ಸೃಷ್ಟಿಯ ಕಾಲದ ಬಗ್ಗೆ ಚೆಂದ ಮಾತಾಡಿದರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗೆ ಪ್ರಕೃತಿಗಾಗಿ ಪ್ರಾರ್ಥನೆ, 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ಬರೆದ ಪತ್ರ 'ಲಾವ್ದಾತೊ ಸಿ', ಎಲ್ಲವೂ ಬಂತು. ಅವರ ಹಿಂದೆ ಹತ್ತಡಿಯ ಫ್ಲೆಕ್ಸ್ ಬ್ಯಾನರಿನಲ್ಲಿ ಹಸಿರು ಗದ್ದೆಯ ಚಿತ್ರ. ಮುಂದೆ ಸೇವಂತಿಗೆ ರಾಶಿ. ನಾನು ಏನೂ ಹೇಳುವುದಿಲ್ಲ.

ಬರುವ ವರ್ಷದ ಆಗಸ್ಟ್ 30 ಈಗಲೇ ಬರೆದಿಟ್ಟುಕೊಳ್ಳಿ. ಹಳೆಮನೆಯ ಬೀಗದ ಕೈ ನನ್ನ ಹತ್ತಿರ ಉಂಟು. ಮಕ್ಕಳಿರುವವರು ಮಕ್ಕಳನ್ನು ಕರೆದುಕೊಂಡು, ಇಲ್ಲದವರು ನೀವೇ ಬನ್ನಿ. ಚಾ, ಗೋಳಿಬಜೆ ನನ್ನ ಲೆಕ್ಕ. ಬಿಳಿ ಶೂ ಬೇಡ. ತೊಟ್ಟೆಯಲ್ಲಿ ಸೇವಂತಿಗೆ ತಂದವರಿಗೆ ಚಾ ಮಾತ್ರ, ಗೋಳಿಬಜೆ ಇಲ್ಲ.